ಸನೋಬರಳ ಕೈ, ಹೋಶಿಮನ ಬಾಯಿ

"ಈ ಸಲ ನೋಡ್ತಾ ಇರು, ಓನಾಸಿ! ಮಗಳ ರೊಟ್ಟಿ ಮುರಿಯೋ ದಿನ ಬರೋಷ್ಟರಲ್ಲಿ ನಿನ್ನ ಕೈಯನ್ನ ಬೆಣ್ಣೆ ಮಾಡಿಬಿಡ್ತೀನಿ. ಮಾಡದಿದ್ದರೆ ನಾನು ಚುಸ್ತ್ ಬಜಾರಿನ ಹೋಶಿಮನೇ ಅಲ್ಲ!"

ಚಹಾದ ಬಟ್ಟಲನ್ನು ಊಟದ ಹಾಸಿನ ಮೇಲೆ ಕುಕ್ಕಿ ಹೋಶಿಮ್ ಹೀಗೆ ಘೋಷಿಸಿದಾಗ ಅವನ ಹೆಂಡತಿ ಸನೋಬರ್ ತಲೆ ಎತ್ತಲಿಲ್ಲ. ಬೆರಳಿನ ಗಂಟಿನ ಬಿರುಕಿಗೆ ಬಟ್ಟೆಯ ಚೂರು ಸುತ್ತುತ್ತಾ, "ಹಾಗಾದರೆ ನೀವು ಇನ್ಯಾರು ಅಂತ ಈಗಲೇ ಹೇಳಿಬಿಡಿ, ದಾದಾಸಿ. ಆಮೇಲೆ ಹುಡುಕೋದು ಕಷ್ಟ" ಎಂದಳು.

ಮಗಳು ಹುಟ್ಟಿದಂದಿನಿಂದ ಅವನಿಗೆ ಇವಳು ಓನಾಸಿ, ಅಂದರೆ ಮಗಳ ತಾಯಿ. ಇವಳಿಗೆ ಅವನು ದಾದಾಸಿ, ಮಗಳ ತಂದೆ. ಆ ಮಗಳು, ಗುಲ್‌ಚೆಹ್ರಾ, ಬಾಗಿಲ ಹತ್ತಿರ ಕೂತು ಕಿಸಕ್ಕನೆ ನಕ್ಕಳು. ನಮಂಗಾನಿನಿಂದ ಅವಳಿಗೊಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ಶುಹ್ರತ್ ಶಾಲೆಯಲ್ಲಿ ಗಣಿತ ಹೇಳಿಕೊಡುವವನು. ಫೋನಿನಲ್ಲಿ ಅವನು ಏನು ಹೇಳುತ್ತಿದ್ದನೋ ಯಾರಿಗೂ ಗೊತ್ತಿರಲಿಲ್ಲ. ಆದರೆ ಲೆಕ್ಕ ಕಂಡರೆ ಓಡುತ್ತಿದ್ದ ಹುಡುಗಿ ಈಗ ಫೋನು ಹಿಡಿದು ಅಂಗಳದಲ್ಲಿ ಸುತ್ತು ಹಾಕುತ್ತಾ ನಗುತ್ತಿದ್ದಳು ಅನ್ನುವುದು ಬೀದಿಗೆಲ್ಲ ಗೊತ್ತಿತ್ತು. ಚಳಿ ಇಳಿಯುವ ಮುಂಚೆ ಹುಡುಗನ ಕಡೆಯವರು ಬಂದು, ಎರಡೂ ಮನೆಯವರು ಒಂದೇ ರೊಟ್ಟಿ ಮುರಿದು ಹಂಚಿಕೊಂಡರೆ ಮಾತು ಗಟ್ಟಿ.

ಸನೋಬರಳಿಗೆ ಇದ್ದದ್ದು ಇಸುಬು. ಮಗುವಾಗಿದ್ದಾಗ ಮೊಣಕೈ ಮಡಿಕೆಯಲ್ಲಿ, ಮೊಣಕಾಲ ಹಿಂದೆ ಇತ್ತು. ಮದುವೆಯಾದ ಮೇಲೆ ಅಲ್ಲಿಂದ ಗಂಟುಮೂಟೆ ಕಟ್ಟಿಕೊಂಡು ಬಂದು ಕೈಗಳಲ್ಲಿ ಬಿಡಾರ ಹೂಡಿತು. ಬೇಸಿಗೆಯಲ್ಲಿ ಸಾಧುವಿನ ಹಾಗಿರುತ್ತಿತ್ತು. ಚಳಿಗಾಲದ ಒಣ ಗಾಳಿ ಬೀಸಿತೋ, ಶುರು! ಮೊದಲು ಕೆಂಪಾಗುವುದು, ಆಮೇಲೆ ತುರಿಕೆ, ತುರಿಸಿದರೆ ನೀರು ಒಸರುವುದು, ಒಣಗಿದರೆ ಬೆರಳು ಮಡಿಸಿದಲ್ಲೆಲ್ಲ ಬಿರುಕು. ಈರುಳ್ಳಿ ಹೆಚ್ಚಿದರೆ ಉರಿ, ಪಲಾವಿಗೆ ಗಜ್ಜರಿ ಹೆಚ್ಚಿದರೆ ಉರಿ, ಬಟ್ಟೆ ಒಗೆದರಂತೂ ಕೈಯೇ ಬೇಡ ಅನ್ನುವಷ್ಟು ಉರಿ. ಅದರ ಮೇಲೆ ಅವಳ ಕಸುಬು ಕಸೂತಿ. ಕಪ್ಪು ಟೋಪಿಯ ಮೇಲೆ ಬಿಳಿ ರೇಷ್ಮೆಯಲ್ಲಿ ಬಾದಾಮಿ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಎತ್ತಿದ ಕೈಯೇನೋ ಸರಿ, ಆದರೆ ಆ ಒರಟು ಬೆರಳಿಗೆ ರೇಷ್ಮೆಯ ಎಳೆ ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ಹೊಲಿಗೆಗೂ ಎಳೆ ಬಿಡಿಸಬೇಕು, ನಿಟ್ಟುಸಿರು ಬಿಡಬೇಕು, ಮತ್ತೆ ಹೊಲಿಯಬೇಕು.

ಔಷಧಿ ಇರಲಿಲ್ಲವೆಂದಲ್ಲ. ಹಿಂದಿನ ವರ್ಷ ಡಾಕ್ಟರು ಒಂದು ಮುಲಾಮು ಕೊಟ್ಟಿದ್ದರು. ಹಚ್ಚಿದ ಮೂರೇ ದಿನಕ್ಕೆ ಕೈ ತಣ್ಣಗಾಗತೊಡಗಿತ್ತು. ಅಷ್ಟರಲ್ಲಿ ಹೋಶಿಮ್ ಬಜಾರಿನಿಂದ ಜ್ಞಾನ ಹೊತ್ತು ತಂದ.

"ಹಾರ್ಮೋನ್ ಅಂತೆ ಅದರೊಳಗೆ! ಹಚ್ಚಿದರೆ ಹೆಂಗಸರಿಗೆ ಗಡ್ಡ ಬರುತ್ತಂತೆ!"

"ಯಾರು ಹೇಳಿದ್ದು?"

"ಕಲ್ಲಂಗಡಿ ಮಾರೋ ಯೂಲ್ದಾಶ್."

"ಅವನ ಹೆಂಡತಿಗೆ ಬಂದಿದೆಯಾ?"

"ಬರೋ ಮುಂಚೆನೇ ಅವನು ಟ್ಯೂಬು ಎಸೆದನಂತೆ!"

ಈ ಮನೆಯ ಟ್ಯೂಬೂ ಅದೇ ದಾರಿ ಹಿಡಿಯಿತು. ಇಸುಬು ವಾಪಸ್ ಬಂತು, ಬಡ್ಡಿಸಮೇತ.

ಹೋಶಿಮ್ ಕೆಟ್ಟವನಲ್ಲ. ಬಜಾರಿನಲ್ಲಿ ಅವನದು ಸೋಪಿನ ಅಂಗಡಿ. ನೆಲ ತೊಳೆಯುವ ದ್ರಾವಣದಿಂದ ಹಿಡಿದು ಮಗುವಿನ ತಲೆಗೆ ಹಾಕುವ ಶಾಂಪೂವರೆಗೆ ಅಲ್ಲಿ ಸಿಗದಿದ್ದದ್ದು ಇಲ್ಲ. ಇಡೀ ಊರಿನ ಕೊಳೆ ತೊಳೆಯುವವನಿಗೆ ಹೆಂಡತಿಯ ಕೈ ಯಾವ ಲೆಕ್ಕ? ಅವನ ಯೋಜನೆ ಸರಳ: ಇನ್ನು ಮೇಲೆ ಮನೆಯ ನೀರಿನ ಕೆಲಸವೆಲ್ಲ ಅವನದೇ. ಪಾತ್ರೆ, ಬಟ್ಟೆ, ನೆಲ, ಅಕ್ಕಿ ತೊಳೆಯುವುದು, ಎಲ್ಲವೂ!

"ನೀನು ರಾಣಿ ಥರ ಕೂತ್ಕೊ. ಅಳಿಯನ ಟೋಪಿ ಮುಗಿಸು, ಸಾಕು."

ಮೊದಲ ದಿನ ಬಟ್ಟೆ ಒಗೆಯಲು ತನ್ನ ಅಂಗಡಿಯ ಹೆಮ್ಮೆಯಾದ ನೀಲಿ ಪುಡಿಯನ್ನು ಅವನು ಧಾರಾಳವಾಗಿ ಸುರಿದ. ಸ್ವಂತ ಸರಕು, ಕೈ ಬಿಗಿ ಹಿಡಿಯುವುದೇಕೆ? ನೊರೆ ತೊಟ್ಟಿ ದಾಟಿತು, ಅಂಗಳ ದಾಟಿತು, ಬಾಗಿಲ ಕೆಳಗಿಂದ ನುಸುಳಿ ಬೀದಿಗೆ ಹೊರಟಿತು. ಚಳಿಗೆ ಅದು ಹೆಪ್ಪುಗಟ್ಟಿ, ಹಾಲು ಕೊಡಲು ಬಂದ ಪಕ್ಕದ ಮನೆಯಾಕೆ ಹಾಲಿನ ಸಮೇತ ಜಾರಿ ದಾಳಿಂಬೆ ಗಿಡದ ಬುಡದಲ್ಲಿ ಹೋಗಿ ಕೂತಳು!

"ಹೋಶಿಮ್ ಅಕಾ, ಇದು ಬಟ್ಟೆ ಒಗೆಯೋದಾ, ಊರು ಒಗೆಯೋದಾ?" ಎಂದು ಅವಳು ಕೂತಲ್ಲಿಂದಲೇ ಕೂಗಿದಳು. ಅಕಾ ಅಂದರೆ ಅಣ್ಣ; ಊರಿಗೆಲ್ಲ ಅವನು ಹೋಶಿಮ್ ಅಕಾ.

ಸನೋಬರ್ ಕಿಟಕಿಯಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಚಳಿಗಾಲದಲ್ಲಿ ಅವಳು ಹಾಗೆ ನಕ್ಕದ್ದು ಅದೇ ಕೊನೆ.

ಎರಡು ವಾರದಲ್ಲಿ ಟೋಪಿ ಮುಗಿಯಿತು. ನಾಲ್ಕೂ ಮಗ್ಗುಲಲ್ಲಿ ಬಾಗಿದ ಬಿಳಿ ಬಾದಾಮಿ, ಅಂಚಿಗೆ ಸುತ್ತಲೂ ಸಣ್ಣ ಕಮಾನಿನ ಸಾಲು. ಸನೋಬರ್ ಅದನ್ನು ಕಿಟಕಿಯ ದಂಡೆಯ ಮೇಲಿಟ್ಟು ತಂಗಿಯ ಮನೆಗೆ ಹೋದಳು. ಹೋಶಿಮ್ ಟೋಪಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಒಂದು ಬಾದಾಮಿಯ ಹೊಟ್ಟೆಯಲ್ಲಿ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ. ರಕ್ತ. ಬಿರಿದ ಬೆರಳಿನದು.

ಅವನ ಎದೆ ಚುಳ್ಳೆಂದಿತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಎದೆ ಚುಳ್ಳೆಂದಾಗ ಸುಮ್ಮನೆ ಕೂರುವ ಜಾತಿಯವನಲ್ಲ ಹೋಶಿಮ್. ಕಲೆ ತೆಗೆಯುವ ಕೆಲಸ! ಅವನಿಗೆ! ಅವಳು ಬರುವಷ್ಟರಲ್ಲಿ ಬಾದಾಮಿಗಳನ್ನು ಹಾಲಿನಲ್ಲಿ ಅದ್ದಿದ ಹಾಗೆ ಮಾಡಿಟ್ಟು ಬೆರಗುಗೊಳಿಸಬೇಕು! ನೀಲಿ ಪುಡಿಗೆ ಕಲೆ ತೆಗೆಯುವ ದ್ರಾವಣ ಬೆರೆಸಿ, ಬಿಸಿನೀರು ಸೇರಿಸಿ, ಟೋಪಿ ಮುಳುಗಿಸಿದ.

ರಕ್ತದ ಚುಕ್ಕೆ ಹೋಯಿತು. ಅದರ ಜೊತೆ ಟೋಪಿಯ ಕಪ್ಪೂ ಹೊರಟಿತು. ಹೊರಟದ್ದು ಸುಮ್ಮನೆ ಹೋಗಲಿಲ್ಲ, ಹೋಗುತ್ತಾ ದಾರಿಯಲ್ಲಿದ್ದ ಬಾದಾಮಿಗಳನ್ನೆಲ್ಲ ಮಾತಾಡಿಸಿಕೊಂಡು ಹೋಯಿತು. ಹೋಶಿಮ್ ತಣ್ಣೀರು ಸುರಿದ, ವಿನೆಗರ್ ಸುರಿದ, ಕೊನೆಗೆ ಉಪ್ಪು ಸುರಿದ. ಅಡುಗೆಯಾಗಿದ್ದರೆ ರುಚಿಯಾದರೂ ಬರುತ್ತಿತ್ತು. ಸನೋಬರ್ ಒಳಗೆ ಬಂದಾಗ ಅವನು ಬೂದು ಬಣ್ಣದ, ಮುದುರಿದ, ನೀರು ತೊಟ್ಟಿಕ್ಕುವ ಒಂದು ಮುದ್ದೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

"ಓನಾಸಿ... ಒಂದು ಸಣ್ಣ ಕಲೆ ಇತ್ತು..."

ಅವಳು ಬೈಯಲಿಲ್ಲ. ಟೋಪಿ ಇಸಿದುಕೊಂಡು ಹಿಂಡಿ, ಒಲೆಯ ಪಕ್ಕ ಹರಡಿದಳು. "ಆ ಕಲೆ ನನಗೆ ಗೊತ್ತಿತ್ತು" ಎಂದಳು. "ಅದರ ಮೇಲೆ ಇನ್ನೊಂದು ಎಳೆ ಹಾಕಿ ಮುಚ್ಚಬೇಕು ಅಂತ ತಂಗಿ ಮನೆಯಿಂದ ರೇಷ್ಮೆ ತರೋಕೆ ಹೋಗಿದ್ದೆ." ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಬಿಳಿ ರೇಷ್ಮೆಯ ಸಣ್ಣ ಉಂಡೆ.

ಹೊಸ ಟೋಪಿ ಹೊಲಿಯಲೇಬೇಕಾಯಿತು. ದಿನ ಹತ್ತಿರ ಬಂದಿತ್ತು. ಗುಲ್‌ಚೆಹ್ರಾ "ಅಂಗಡಿಯಿಂದ ತಂದರಾಯ್ತು, ಓಯಿ" ಎಂದು ತಾಯಿಯನ್ನು ಗೋಗರೆದಳು. "ಟೋಪಿ ಹೊಲಿಯೋಳ ಮಗಳು ಅಂಗಡಿ ಟೋಪಿ ಕೊಡೋದಾ?" ಎಂದು ಸನೋಬರ್ ಕೂತುಬಿಟ್ಟಳು. ಉರಿಯುವ ಬೆರಳಿಗೆ ನಿದ್ದೆಯಿಲ್ಲ, ನಿದ್ದೆಯಿಲ್ಲದ ಮೈಗೆ ತುರಿಕೆ ಹೆಚ್ಚು, ತುರಿಸಿದ ಬೆರಳಿಗೆ ಸೂಜಿ ಹಿಡಿಯಲಾಗದು. ಆದರೂ ಮುಗಿಸಿದಳು. ಟೋಪಿ ಮೊದಲಿನದಕ್ಕಿಂತ ಚೆನ್ನಾಗಿ ಬಂತು. ಕೈಗಳು ಮಾತ್ರ ನೋಡುವ ಹಾಗಿರಲಿಲ್ಲ. ಬೆರಳುಗಳು ಊದಿ, ಹಿಂಗೈಯಲ್ಲಿ ಹಸಿ ಕೆಂಪು ಹಕ್ಕಳೆ ಕಟ್ಟಿತ್ತು.

ಬೀಗರು ಬರುವ ದಿನ ಬೆಳಿಗ್ಗೆ ಹೋಶಿಮ್ ಒಂದು ಜೊತೆ ಬಿಳಿ ಹತ್ತಿಯ ಕೈಗವಸು ತಂದು ಮುಂದಿಟ್ಟ.

"ಹಾಕ್ಕೊ."

"ಯಾಕೆ?"

"ಯಾಕೆ ಅಂದರೆ! ರೊಟ್ಟಿ ಮುರಿಯೋ ಕೈ. ನೋಡಿದವರು ಏನಂದ್ಕೋತಾರೆ? ಅಂಟುರೋಗ ಅಂದ್ಕೋತಾರೆ!"

"ಅಂಟಲ್ಲ ಅಂತ ಹೇಳಿದರಾಯ್ತು. ಇಷ್ಟು ವರ್ಷ ನಿಮಗೆ ಅಂಟಿದೆಯಾ?"

"ಹೇಳಿದರೆ ನಂಬ್ತಾರಾ? ತಾಯಿಗೆ ಇದ್ದದ್ದು ಮಗಳಿಗೂ ಬರುತ್ತೆ ಅಂತ ಗುಸುಗುಸು ಶುರುವಾಗುತ್ತೆ. ಇವತ್ತೊಂದು ದಿನ, ಓನಾಸಿ. ಮಾತೆಲ್ಲ ನನಗೆ ಬಿಡು. ಬಜಾರಿನಲ್ಲಿ ಎಂಥೆಂಥ ಸರಕು ಮಾರಿದೀನಿ!"

ಪಕ್ಕದ ಕೋಣೆಯಲ್ಲಿ ಗುಲ್‌ಚೆಹ್ರಾ ಅಟ್ಲಾಸ್ ರೇಷ್ಮೆಯ ಅಂಗಿ ತೊಡುತ್ತಿದ್ದಳು. ಗೋಡೆ ತೆಳು. ಎಲ್ಲ ಕೇಳಿಸುತ್ತಿತ್ತು. ಯಾರೂ ಅದನ್ನು ಯೋಚಿಸಲಿಲ್ಲ.

ಬೀಗರು ಬಂದರು. ಹುಡುಗನ ತಾಯಿ ಹನೀಫಾ, ದಪ್ಪ ಕನ್ನಡಕದ, ನಿಧಾನ ಮಾತಿನ ಹೆಂಗಸು. ತಂದೆ ಎರ್ಗಶ್. ಹುಡುಗನ ಸೋದರತ್ತೆ ಸಾಲಿಹಾ, ಎಲ್ಲ ಕಡೆಗೂ ಒಂದು ಕಣ್ಣು ಇಟ್ಟವಳು. ಹೊಸ್ತಿಲಲ್ಲೇ ಹನೀಫಾ ಸನೋಬರಳ ಕೈ ಹಿಡಿಯಲು ಹೋಗಿ ಕೈಗವಸು ನೋಡಿ ತಡೆದು ನಿಂತಳು. ಹೋಶಿಮ್ ಬಾಣದಂತೆ ನಡುವೆ ಬಂದ.

"ಹೊಸ ಫ್ಯಾಷನ್ನು! ತಾಷ್ಕೆಂಟಿನಲ್ಲಿ ಈಗ ಬೀಗಿತ್ತಿಯರೆಲ್ಲ ಹೀಗೇನೇ!"

"ಓಹೋ" ಎಂದಳು ಹನೀಫಾ.

ಗಂಡಸರ ಕೋಣೆಯಲ್ಲಿ ಎರ್ಗಶ್ ಮೆಲ್ಲಗೆ ಕೇಳಿದ: "ಮನೆಯವರ ಕೈಗೆ ಏನಾಯ್ತು, ಹೋಶಿಮ್ ಅಕಾ?" ಗಂಡಸಿನ ಮುಂದೆ ಫ್ಯಾಷನ್ ಅಂದರೆ ನಗುತ್ತಾನೆ. ಹೋಶಿಮ್ ಗಂಭೀರನಾದ. "ತಂದೂರು. ನಿಮಗೋಸ್ಕರ ತಾನೇ ರೊಟ್ಟಿ ಸುಡ್ತೀನಿ ಅಂತ ಹಟ. ಸುಟ್ಟುಕೊಂಡಳು." ಎರ್ಗಶ್ ಲೊಚಗುಟ್ಟಿದ. ಹೋಶಿಮನೂ ಜೊತೆಗೆ ಲೊಚಗುಟ್ಟಿದ, ಅಷ್ಟು ಚೆನ್ನಾಗಿ ಬಂದಿತ್ತು ಸುಳ್ಳು.

ಅಂಗಳದಲ್ಲಿ ಪಲಾವಿನ ಕಡಾಯಿಯ ಹತ್ತಿರ ಸಾಲಿಹಾ ಅವನನ್ನು ಹಿಡಿದಳು. "ಗಜ್ಜರಿ ಯಾರು ಹೆಚ್ಚಿದ್ದು? ಕೂದಲೆಳೆ ಥರ ಇದೆ." ಹೋಶಿಮ್ ಉಬ್ಬಿಹೋದ. "ನಮ್ಮವಳೇ! ಅದಕ್ಕೇ ನೋಡಿ ಕೈ ಕೊಯ್ದುಕೊಂಡಿದ್ದು! ಊರೂರಿಗೆ ಹೆಸರಾದ ನಮ್ಮ ಚುಸ್ತಿನ ಚಾಕು ಅಂದರೆ ಸುಮ್ನೆನಾ!" ಗಜ್ಜರಿ ಹೆಚ್ಚಿದ್ದು ಗುಲ್‌ಚೆಹ್ರಾ.

ಎಲ್ಲರೂ ಹಾಸಿನ ಸುತ್ತ ಕೂತರು. ನಡುವೆ ಒಂದು ದೊಡ್ಡ ರೊಟ್ಟಿ, ಅದರ ಮೇಲೆ ಕಲ್ಲುಸಕ್ಕರೆ. ಹನೀಫಾ ರೊಟ್ಟಿಯನ್ನು ಸನೋಬರಳ ಕಡೆ ಸರಿಸಿ, "ಮುರೀರಿ, ಅಕ್ಕಾ. ಹೆಣ್ಣು ಹೆತ್ತ ಕೈ ಮೊದಲು" ಎಂದಳು. ಸನೋಬರ್ ಕೈಗವಸಿನ ಕೈ ಮುಂದೆ ಚಾಚಿ, ಹಿಂದಕ್ಕೆ ತೆಗೆದುಕೊಂಡಳು. ಬಟ್ಟೆ ಸುತ್ತಿದ ಕೈಯಲ್ಲಿ ರೊಟ್ಟಿ ಮುಟ್ಟುವುದುಂಟೇ?

ಎರ್ಗಶ್ ಕರುಣೆಯಿಂದ ಹೇಳಿದ: "ಬೇಡ ಬಿಡಿ, ನೋಯುತ್ತೆ. ಸುಟ್ಟ ಗಾಯ. ಮುಂದಿನ ವಾರ ವಾಸಿಯಾದ ಮೇಲೆ ಬರ್ತೀವಿ. ತಾಯಿಯ ಕೈಯಿಂದಲೇ ಮುರಿಸೋಣ."

"ಸುಟ್ಟ ಗಾಯವಾ?" ಸಾಲಿಹಾ ತಿರುಗಿದಳು. "ಚಾಕು ತಾಗಿದ್ದು ಅಂದರಲ್ಲ?"

ಚಹಾ ಬಗ್ಗಿಸುತ್ತಿದ್ದ ಹೋಶಿಮನ ಕೈ ಗಾಳಿಯಲ್ಲೇ ನಿಂತಿತು. "ಮೊದಲು ಚಾಕು ತಾಗಿತು... ಆ ನೋವಲ್ಲಿ ತಂದೂರಿಗೆ ಕೈ ಹಾಕಿದಳು... ಆಗ ಸುಟ್ಟಿತು!"

ಹನೀಫಾ ಕನ್ನಡಕ ಸರಿಮಾಡಿಕೊಂಡು ಕೇಳಿದಳು, "ಫ್ಯಾಷನ್ನು ಯಾವಾಗ ಬಂತು, ಸುಡೋ ಮುಂಚೆನೋ ಆಮೇಲೋ?"

ಯಾರೂ ನಗಲಿಲ್ಲ. ಸನೋಬರ್ ಎಡಗೈಯ ಕೈಗವಸಿನ ತುದಿ ಹಿಡಿದು ಎಳೆಯತೊಡಗಿದಳು. ಹೇಳಿಬಿಡಬೇಕು. ತೆಗೆದು ತೋರಿಸಿ, ಇದು ಇಷ್ಟೇ ಅಂತ ಹೇಳಿಬಿಡಬೇಕು. ಬಟ್ಟಲು ದಾಟಿಸುವ ನೆಪದಲ್ಲಿ ಹೋಶಿಮ್ ಅವಳ ಕೈಯ ಮೇಲೆ ತನ್ನ ಕೈ ಅದುಮಿ ಹಿಡಿದ. ಹಸಿ ಬಿರುಕಿನ ಮೇಲೆ ಬಿದ್ದ ಹಿಡಿತ. ನೋವಿಗೆ ಅವಳ ಕಣ್ಣು ತುಂಬಿತು. ಅವಳು ಮಗಳಿದ್ದ ಕೋಣೆಯ ಪರದೆಯತ್ತ ನೋಡಿದಳು. ಕೈಗವಸನ್ನು ಮತ್ತೆ ಮೇಲಕ್ಕೆಳೆದುಕೊಂಡಳು.

ಬೀಗರು ಪಲಾವು ಹೊಗಳಿದರು, ಟೋಪಿ ಹೊಗಳಿದರು, ಮಗಳನ್ನು ಹೊಗಳಿದರು. ಮುಂದಿನ ವಾರ ಬರುತ್ತೇವೆ ಎಂದು ಹೊರಟರು. ಮರುದಿನ ಮಧ್ಯಾಹ್ನ ಸಾಲಿಹಾಳ ಫೋನು ಬಂತು. ಹೋಶಿಮನೇ ಎತ್ತಿದ.

"ಹನೀಫಾ ಹೇಳಿ ಕಳಿಸಿದಾಳೆ, ಬೇಜಾರು ಮಾಡ್ಕೋಬೇಡಿ. ಕೈ ಏನಾದರೂ ಆಗಿರಲಿ, ಅದಕ್ಕೆ ನಾವು ಹೆದರಲ್ಲ. ಆದರೆ ಒಂದು ಕೈಗೆ ಮೂರು ಕಥೆ ಹೇಳೋ ಮನೆ ನಮಗೆ ಬೇಡ. ಟೋಪಿ ಹುಡುಗನಿಗೆ ಹಾಕಿದ್ದರೆ ಸಾಕಿತ್ತು, ಹೋಶಿಮ್ ಅಕಾ. ನಮಗೆಲ್ಲ ಹಾಕಬೇಕಿರಲಿಲ್ಲ."

ಹೋಶಿಮ್ ಫೋನನ್ನು ಕಿಟಕಿಯ ದಂಡೆಯ ಮೇಲಿಟ್ಟ. ಶುಹ್ರತನ ಫೋನು ಎರಡು ದಿನ ಬಂತು. ಗುಲ್‌ಚೆಹ್ರಾ ಅಂಗಳದಲ್ಲಿ ನಿಂತು ಮಾತಾಡಿದಳು, ಸುತ್ತು ಹಾಕಲಿಲ್ಲ. ಆಮೇಲೆ ಬರುವುದು ನಿಂತಿತು. ತಾಯಿಯ ಮಾತು ಮೀರುವ ಹುಡುಗನಲ್ಲ ಅವನು. ಮೀರಬೇಕೆಂದು ಕೇಳುವ ಹುಡುಗಿಯಲ್ಲ ಇವಳು. ಟೋಪಿ ಪೆಟ್ಟಿಗೆಯ ತಳ ಸೇರಿತು.

ಹೋಶಿಮ್ ಬೀಗರನ್ನು ಬೈದ, ಸಾಲಿಹಾಳನ್ನು ಬೈದ, ಚಳಿಯನ್ನು ಬೈದ. ಬೈಯಲು ಯಾರೂ ಉಳಿಯದಾದಾಗ, "ಆ ಹಾಳು ಇಸುಬು ಒಂದು ಇಲ್ಲದಿದ್ದರೆ..." ಎಂದ.

ಗಜ್ಜರಿ ಹೆಚ್ಚುತ್ತಿದ್ದ ಸನೋಬರ್ ಚಾಕು ಕೆಳಗಿಟ್ಟಳು.

"ದಾದಾಸಿ, ಈ ಕೈಲಿ ನಿಮ್ಮ ಅಮ್ಮನಿಗೆ ಸಾಯೋವರೆಗೂ ಗಂಜಿ ಕುಡಿಸಿದೆ. ಅವರು ಒಂದು ದಿನ ಮುಖ ತಿರುಗಿಸಲಿಲ್ಲ. ಈ ಕೈಲಿ ಊರಿಗೆಲ್ಲ ಟೋಪಿ ಹೊಲಿದೆ. ನೋವಾಗ್ತಿತ್ತು, ಉರೀತಿತ್ತು, ಅತ್ತಿದೀನಿ. ಆದರೆ ನಾಚಿಕೆ ಯಾವತ್ತೂ ಆಗಿರಲಿಲ್ಲ. ಅವತ್ತು ನೀವು ಅದುಮಿ ಮುಚ್ಚಿದಿರಲ್ಲ, ಅವತ್ತು ಆಯ್ತು."

ಹೆಚ್ಚಿದ ಗಜ್ಜರಿಯನ್ನು ಅವಳು ಕಡಾಯಿಗೆ ಸುರಿದಳು.

"ನಾಳೆ ನಮಂಗಾನಿಗೆ ಹೋಗ್ತೀನಿ, ಚರ್ಮದ ಡಾಕ್ಟರ ಹತ್ರ. ನೀವು ಬರೋದಾದರೆ ಕೇಳಿಸಿಕೊಳ್ಳೋಕೆ ಬನ್ನಿ."

ಮೂವರೂ ಹೋದರು. ಡಾಕ್ಟರು ಬೂದುಗೂದಲಿನ, ಚಟಪಟ ಮಾತಿನ ಹೆಂಗಸು. ಸನೋಬರಳ ಕೈಗಳನ್ನು ತನ್ನ ಬರಿಗೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಬರಿಗೈಯಲ್ಲಿ! ಹೋಶಿಮ್ ಅದನ್ನೇ ನೋಡುತ್ತಿದ್ದ.

"ಇಸುಬು. ಯಾರಿಗೂ ಅಂಟಲ್ಲ. ಬೇರುಸಮೇತ ಕಿತ್ತುಹಾಕ್ತೀನಿ ಅಂತ ನಾನು ಹೇಳಲ್ಲ, ಹಾಗೆ ಹೇಳೋರನ್ನ ನೀವೂ ನಂಬಬೇಡಿ. ಹದ್ದುಬಸ್ತಿನಲ್ಲಿ ಇಡಬಹುದು. ಮೊದಲು ಕೊಟ್ಟಿದ್ದ ಮುಲಾಮು ಯಾಕೆ ಬಿಟ್ಟಿರಿ?"

ಸನೋಬರ್ ಗಂಡನತ್ತ ನೋಡಿದಳು. ಹೋಶಿಮ್ ಗೋಡೆಯತ್ತ ನೋಡಿದ.

"ಗಡ್ಡ ಬರುತ್ತೆ ಅಂತ..." ಎಂದ.

"ಎಷ್ಟು ಬಂತು?" ಎಂದಳು ಡಾಕ್ಟರು, ನಗದೆ. "ತೆಳ್ಳಗೆ, ನಾನು ಹೇಳಿದಷ್ಟು ದಿನ, ಹೇಳಿದ ಕಡೆ ಹಚ್ಚಿದರೆ ಹೆದರೋ ಹಾಗಿಲ್ಲ. ಅರ್ಧಕ್ಕೆ ಬಿಟ್ಟರೆ ಮತ್ತೆ ಬರುತ್ತೆ. ಕೇಳದೆ ತಿಂಗಳುಗಟ್ಟಲೆ ಹಚ್ಚೋದೂ ತಪ್ಪು. ಅದು ಬೆಂಕಿ ಆರಿಸೋಕೆ. ದಿನಾ ಬೇಕಾದ್ದು ಬೇರೆ: ವಾಸನೆ ಇಲ್ಲದ ದಪ್ಪ ಮುಲಾಮು. ಕೈ ತೊಳೆದು ಒರೆಸಿದ ಕೂಡಲೇ, ಪ್ರತಿ ಸಲ. ಉಗುರುಬೆಚ್ಚಗಿನ ನೀರು. ಪಾತ್ರೆ ಬಟ್ಟೆಗೆ ಹತ್ತಿ ಕೈಗವಸಿನ ಮೇಲೆ ರಬ್ಬರಿನದು. ಈರುಳ್ಳಿ ಗಜ್ಜರಿ ಬೇರೆಯವರು ಹೆಚ್ಚಲಿ. ಮನೇಲಿ ಬಟ್ಟೆಗೆ ಏನು ಹಾಕ್ತೀರಾ?"

ಹೋಶಿಮನಿಗೆ ಕೊನೆಗೂ ಗೊತ್ತಿದ್ದ ಪ್ರಶ್ನೆ! ಬೆನ್ನು ನೆಟ್ಟಗಾಯಿತು. "ನಮ್ಮ ಅಂಗಡಿಯದೇ ನೀಲಿ ಪುಡಿ! ಅದಕ್ಕಿಂತ ಖಾರದ್ದು ಬಜಾರಿನಲ್ಲೇ ಇಲ್ಲ! ಮದುವೆಯಾದಾಗಿನಿಂದ ಬೇರೆ ಪುಡಿ ಇವಳ ಕೈಗೆ ಸೋಕಿಸಿಲ್ಲ. ಪಾತ್ರೆಗೂ ಅದೇ!"

ಡಾಕ್ಟರು ಪೆನ್ನು ಕೆಳಗಿಟ್ಟಳು. "ಮೊದಲು ಅದನ್ನ ಮನೆಯಿಂದ ಹೊರಗೆ ಹಾಕಿ."

"ಪುಡಿಯನ್ನಾ, ತಂದವರನ್ನಾ?" ಎಂದಳು ಸನೋಬರ್.

ಡಾಕ್ಟರು ಈ ಸಲ ನಕ್ಕಳು. ಹೋಶಿಮ್ ನಗಲಿಲ್ಲ. ಮದುವೆಯಾದಾಗಿನಿಂದ ಪ್ರತಿ ತಿಂಗಳೂ ಅಂಗಡಿಯಿಂದ ಒಳ್ಳೆಯದನ್ನೇ ಆರಿಸಿ, ಬಗಲಲ್ಲಿ ಹೊತ್ತು, ಪ್ರೀತಿಯಿಂದ ತಂದುಕೊಟ್ಟಿದ್ದು!

"ಪುಡಿಯೊಂದೇ ಕಾರಣ ಅಲ್ಲ" ಎಂದು ಡಾಕ್ಟರು ಸಮಾಧಾನದ ದನಿಯಲ್ಲಿ ಹೇಳಿದಳು. "ಚರ್ಮವೇ ಹುಟ್ಟಿನಿಂದ ಸೂಕ್ಷ್ಮ. ಪುಡಿ, ಚಳಿ, ನಿದ್ದೆಗೇಡು, ಚಿಂತೆ, ಇವೆಲ್ಲ ಅದನ್ನ ಕೆಣಕುತ್ತವೆ. ಮನೆತನದಲ್ಲಿ ಬೇರೆ ಯಾರಿಗಾದರೂ ಇದೆಯಾ?"

"ಇಲ್ಲ" ಎಂದ ಹೋಶಿಮ್ ತಟ್ಟನೆ.

"ಇದೆ" ಎಂದಿತು ಹಿಂದಿನಿಂದ ಒಂದು ದನಿ.

ಗುಲ್‌ಚೆಹ್ರಾ ಬಾಗಿಲ ಬಳಿಯ ಕುರ್ಚಿಯಿಂದ ಎದ್ದು ಬಂದು ಉಣ್ಣೆಯ ತೋಳನ್ನು ಮೇಲಕ್ಕೇರಿಸಿದಳು. ಮೊಣಕೈ ಮಡಿಕೆಯಲ್ಲಿ ಕೆಂಪು, ಒರಟು, ಕೆರೆದ ಗೆರೆಗಳು. ಇನ್ನೊಂದು ತೋಳಿನಲ್ಲೂ ಅದೇ.

"ಯಾವಾಗಿನಿಂದ, ಕೂಸೇ?" ಸನೋಬರಳ ದನಿ ಒಡೆಯಿತು.

"ಶರತ್ಕಾಲದಿಂದ, ಓಯಿ. ನಿಮಗೆ ಹೇಳಬೇಕು ಅಂತಿದ್ದೆ." ಹುಡುಗಿ ನೆಲ ನೋಡುತ್ತಾ ಹೇಳಿದಳು. "ಆಮೇಲೆ ದಾದಾ ನಿಮಗೆ ಕೈ ಮುಚ್ಚಿಕೊ ಅಂದರಲ್ಲ. ಗೋಡೆಯಾಚೆ ನಾನಿದ್ದೆ. ಇದು ಮುಚ್ಚಿಡೋ ಅಂಥದ್ದು ಅಂತ ಗೊತ್ತಾಯ್ತು. ಆ ರೇಷ್ಮೆ ಅಂಗಿಯೊಳಗೆ ಉರೀತಾ ಇತ್ತು. ಬೀಗರು ಹೋಗೋವರೆಗೂ ಕೈ ಮಡಿಸದೆ ಕೂತಿದ್ದೆ."

ಡಾಕ್ಟರು ಅವಳ ಮೊಣಕೈಯನ್ನೂ ಬರಿಗೈಯಲ್ಲಿ ಹಿಡಿದು ನೋಡಿದಳು. ಉಣ್ಣೆ ನೇರ ಮೈಗೆ ಬೇಡ, ಒಳಗೆ ಹತ್ತಿಯದು ಹಾಕು, ಉಗುರು ಚಿಕ್ಕದಾಗಿ ಕತ್ತರಿಸು, ತುರಿಕೆ ಬಂದರೆ ಕೆರೆಯುವ ಬದಲು ತಣ್ಣನೆ ಬಟ್ಟೆ ಇಡು ಎಂದಳು. ಹೋಶಿಮ್ ಎಲ್ಲವನ್ನೂ ಕೇಳಿಸಿಕೊಂಡ. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿದವನು ಊರು ಬರುವವರೆಗೂ ತಿರುಗಲಿಲ್ಲ. ಮುಂದಿನ ಸೀಟಿನಾತ ಟೊಮೆಟೊ ಬೆಲೆಯ ಬಗ್ಗೆ ಎರಡು ಸಲ ಮಾತಿಗೆಳೆದು ಸೋತ.

ನೀಲಿ ಪುಡಿ ಮನೆಯಿಂದ ಹೋಯಿತು. ಗಜ್ಜರಿಯನ್ನು ಹೋಶಿಮ್ ಹೆಚ್ಚಿದ. ಪಲಾವಿನಲ್ಲಿ ಒಂದೊಂದು ಚೂರೂ ಹೆಬ್ಬೆರಳಿನ ಗಾತ್ರವಿತ್ತು. ಯಾರೂ ಏನೂ ಅನ್ನದೆ ತಿಂದರು. ಕೈಗಳು ನಿಧಾನವಾಗಿ ತಣಿಯತೊಡಗಿದವು. ಒಂದು ದಿನ ಚೆನ್ನ, ಎರಡು ದಿನ ಕೆಡುಕು, ಮತ್ತೆ ಚೆನ್ನ. ಹಳೆಯ ಹೋಶಿಮ್ ಆಗಿದ್ದರೆ ಎಂಟನೆಯ ದಿನ "ನನ್ನಿಂದಲೇ ವಾಸಿ!" ಎಂದು ಬಜಾರಿನಲ್ಲಿ ಡಂಗುರ ಹೊಡೆಯುತ್ತಿದ್ದ.

ಒಂದು ಬೆಳಿಗ್ಗೆ ಗುಲ್‌ಚೆಹ್ರಾ ಅವನು ಅಂಗಡಿಗೆ ಹೊರಡುವಾಗ ಬಾಗಿಲಲ್ಲಿ ನಿಂತಳು. "ದಾದಾ, ನಮಂಗಾನಿಗೆ ಒಂದು ಸಲ ಹೋಗಿ ಬನ್ನಿ. ಅವರ ಮನೆಗೆ."

"ಮತ್ತೆ ಕೇಳಲಾ, ಮಗಳೇ? ಕಾಲು ಹಿಡಿದಾದರೂ..."

"ಕೇಳೋಕಲ್ಲ. ಓಯಿಯ ಕೈ ಬಗ್ಗೆ ಆ ಮನೇಲಿ ಮೂರು ಸುಳ್ಳು ಉಳಿದುಬಿಟ್ಟಿವೆ. ತೆಗೆದು ಬನ್ನಿ. ನನ್ನ ಮೊಣಕೈ ವಿಷಯಾನೂ ಹೇಳಿ."

ಅವನು ಹೋದ. ಹನೀಫಾ ಬಾಗಿಲು ತೆರೆದು ಒಂದು ಗಳಿಗೆ ನೋಡಿ, ಒಳಗೆ ಕರೆದು ಚಹಾ ಇಟ್ಟಳು. ಹೋಶಿಮ್ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಕೂತ ಮೇಲೆ ಅದೊಂದೂ ನೆನಪಾಗಲಿಲ್ಲ.

"ತಂದೂರು ಸುಳ್ಳು. ಚಾಕು ಸುಳ್ಳು. ಫ್ಯಾಷನ್ನೂ ಸುಳ್ಳು. ಅವಳಿಗೆ ಇಸುಬು. ಮಗಳಿಗೂ ಇದೆ, ಮೊಣಕೈಯಲ್ಲಿ. ಯಾರಿಗೂ ಅಂಟಲ್ಲ. ಸನೋಬರ್ ಅವತ್ತು ಹೇಳೋಕೆ ಹೋದಳು, ನಾನೇ ಕೈ ಅದುಮಿದೆ. ಸುಳ್ಳು ಅವಳದಲ್ಲ. ಅಷ್ಟು ಹೇಳೋಕೆ ಬಂದೆ."

ಹನೀಫಾ ಕನ್ನಡಕ ತೆಗೆದು ತಲೆವಸ್ತ್ರದ ತುದಿಯಲ್ಲಿ ಒರೆಸಿದಳು. "ನನ್ನ ತಂಗಿಗೆ ಮೊಣಕಾಲ ಹಿಂದೆ ಇದೆ, ಹೋಶಿಮ್ ಅಕಾ. ಚಿಕ್ಕವಳಿದ್ದಾಗ ನಾನೇ ಮುಲಾಮು ಹಚ್ಚಿ ಮಲಗಿಸ್ತಿದ್ದೆ. ಕೈಗವಸು ನೋಡಿದ ಕೂಡಲೇ ನನಗೆ ಗೊತ್ತಾಯ್ತು."

"ಗೊತ್ತಿತ್ತಾ?"

"ನೀವು ಹೇಳ್ತೀರಿ ಅಂತ ಕಾಯ್ತಾ ಇದ್ದೆ." ಅವಳು ಚಹಾದ ಬಟ್ಟಲನ್ನು ಅವನ ಕಡೆ ಸರಿಸಿದಳು. "ಈ ಮಾತು ಅವತ್ತೇ ಬಂದಿದ್ದರೆ ನಾನೇ ಎದ್ದು ಬಂದು ಅವರ ಕೈ ಹಿಡಿದು ರೊಟ್ಟಿ ಮುರೀತಿದ್ದೆ. ಹೋದ ಭಾನುವಾರ ಚಾರ್ತಾಕಿನ ಹುಡುಗಿಯ ಮನೇಲಿ ಮುರಿದೆವು. ಶುಹ್ರತ್ ಏನೂ ಅನ್ನಲಿಲ್ಲ. ಒಪ್ಪಿಕೊಂಡ. ಏನೂ ಅನ್ನಲಿಲ್ಲ."

ಎರಡನೆಯ ಸಲ ಹೇಳುವಾಗ ಅವಳ ದನಿ ತಗ್ಗಿತು. ಹೋಶಿಮ್ ಚಹಾ ಪೂರ್ತಿ ಕುಡಿದು, ಒಳ್ಳೆಯದಾಗಲಿ ಎಂದು ಹರಸಿ ಎದ್ದ. ಆ ಹಾರೈಕೆ ಮನಸ್ಸಿನಿಂದಲೇ ಬಂತು. ಅದೇ ಅವನನ್ನು ಹೆಚ್ಚು ನೋಯಿಸಿತು.

ಮನೆಗೆ ಬಂದಾಗ ಅಂಗಳದಲ್ಲಿ ಇಳಿಬಿಸಿಲು. ತಾಯಿ ಮಗಳು ಜಗಲಿಯ ಮೇಲೆ ಕೂತಿದ್ದರು. ಗುಲ್‌ಚೆಹ್ರಾ ಎದ್ದು ನಿಂತಳು.

"ಏನಂದರು?"

ಬಸ್ಸಿನಲ್ಲಿ ಅವನಿಗೆ ಒಂದಲ್ಲ, ಮೂರು ಉತ್ತರ ಹೊಳೆದಿದ್ದವು. ಹುಡುಗನಿಗೆ ದೂರದೂರಿಗೆ ವರ್ಗವಾಯಿತು ಅನ್ನಬಹುದಿತ್ತು. ಮೂರೂ ಮೃದುವಾಗಿದ್ದವು, ಮೂರೂ ಅವಳಿಗೆ ಕಡಿಮೆ ನೋಯುವಂಥವು.

"ಬೇರೆ ಕಡೆ ರೊಟ್ಟಿ ಮುರಿದರಂತೆ, ಮಗಳೇ. ಹೋದ ಭಾನುವಾರ. ಹನೀಫಾಗೆ ಮೊದಲಿನಿಂದ ಗೊತ್ತಿತ್ತಂತೆ. ನಾನು ಹೇಳಿದ್ದರೆ ಸಾಕಿತ್ತಂತೆ."

ಹುಡುಗಿ ತಲೆಯಾಡಿಸಿದಳು. ಆಮೇಲೆ, "ಹೇಳಿ ಬಂದಿರಲ್ಲ, ದಾದಾ. ಆಯ್ತು" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತೆಳು ಗೋಡೆ. ಎಲ್ಲ ಕೇಳಿಸಿತು.

ಸನೋಬರ್ ಗಂಡನ ಕಡೆ ನೋಡದೆ ಮುಲಾಮಿನ ಡಬ್ಬಿ ಸರಿಸಿ, ಎರಡೂ ಕೈ ಚಾಚಿದಳು. ಹೋಶಿಮ್ ಕೂತ. ಕೈ ತೊಳೆದು ಬಂದು ಮತ್ತೆ ಕೂತ. ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳಿಗೆ, ಒಂದೊಂದೇ ಗಂಟಿಗೆ, ಅದುಮದೆ, ಸವರುತ್ತಾ ಹಚ್ಚಿದ. ಒಳಗಿನ ಅಳು ನಿಧಾನವಾಗಿ ಕಡಿಮೆಯಾಯಿತು. ಅವನ ಬಾಯಿಂದ ಒಂದು ಮಾತಿಲ್ಲ. ಸಲಹೆ ಇಲ್ಲ, ಶಪಥ ಇಲ್ಲ, ಯೂಲ್ದಾಶನ ಜ್ಞಾನ ಇಲ್ಲ.

ಇನ್ನೊಂದು ಕೈ ಅರ್ಧ ಆಗುವಷ್ಟರಲ್ಲಿ ಸನೋಬರ್ ಮೆಲ್ಲನೆ ಕೇಳಿದಳು:

"ದಾದಾಸಿ, ಇದು ಹೊಸ ಮುಲಾಮಾ?"

"ಇಲ್ಲ. ಅದೇ."

"ಹೌದಾ? ಇವತ್ತು ಚೆನ್ನಾಗಿ ಇಳೀತಾ ಇದೆ." ಅವಳು ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. "ನೀವು ಸುಮ್ಮನಿದ್ದದ್ದಕ್ಕೇ ಇರಬೇಕು."